ಅಮ್ಮ ಸವೆಸಿದ ಕಾಲುದಾರಿ

ಅಮ್ಮಾ,

ಗೆದ್ದುಬಿಟ್ಟೆವು! ನಮ್ಮ ಹೊಲಗಳ ಮೇಲೆ ಎಂಟುನೂರು ಮನೆ ಕಟ್ಟುವ ಬಡಾವಣೆಯ ನಕ್ಷೆಯನ್ನು ಅಧಿಕಾರಿ ಇವತ್ತು ತುಂಬಿದ ಸಭೆಯಲ್ಲೇ ತಿರಸ್ಕರಿಸಿದರು. ನಡುವೆ ಹಾದುಹೋಗುವ ನಿನ್ನ ಕಾಲುದಾರಿಯನ್ನು ಮುಚ್ಚುವ ಹಾಗಿಲ್ಲವಂತೆ.

"ಇಲ್ಲಿ ದಾರಿ ಎಲ್ಲಿದೆ ಸಾರ್? ಬರೀ ಹುಲ್ಲು" ಎಂದು ಬಡಾವಣೆ ಕಂಪನಿಯವನು ಸಾಧಿಸುತ್ತಿದ್ದ. ದರ್ಜಿ ಮನೆಯ ಅಜ್ಜಿ ಎದ್ದು ನಿಂತರು.

"ಅಲ್ಲಪ್ಪಾ, ದಾರಿ ಇಲ್ದೆ ಮೂವತ್ತು ವರ್ಷ ನಮ್ಮನೆಗೆ ಕಾಗದ ಹಾರ್ಕೊಂಡು ಬಂತಾ?"

ಸಭೆ ಗೊಳ್ಳೆಂದು ನಕ್ಕಿತು. ಆಮೇಲೆ ಬಡಗಿ ಎದ್ದ, ಮೇಷ್ಟ್ರು ಎದ್ದರು. ಮೇಷ್ಟ್ರ ಕೆಲಸದ ಆರ್ಡರು, ಬಡಗಿಯ ಮಗಳ ಮೊದಲ ಪತ್ರ, ಎಲ್ಲ ಬಂದದ್ದು ಆ ದಾರಿಯಲ್ಲಿ, ನಿನ್ನ ಚೀಲದಲ್ಲಿ.

"ಯಾರು ಆ ಪೋಸ್ಟಿನವರು?" ಅಧಿಕಾರಿ ಕೇಳಿದರು.

ಶಾಲೆಯಿಂದ ಬರುವಾಗ ನಿನ್ನ ಖಾಕಿ ಚೀಲ ದೂರದಲ್ಲಿ ಕಂಡರೆ ಸಾಕು, ಗೆಳತಿಯರನ್ನು ಎಳೆದುಕೊಂಡು ಬೇರೆ ಹಾದಿ ಹಿಡಿಯುತ್ತಿದ್ದವಳು ನಾನು. ನೀನು ಒಂದು ದಿನವೂ ಕೂಗಿ ಕರೆಯಲಿಲ್ಲ.

ಇವತ್ತು ಬೆಂಚು ಹತ್ತಿ ನಿಂತೆ. "ನಮ್ಮಮ್ಮ ಸಾರ್! ಬರ್ಕೊಳ್ಳಿ, ನಮ್ಮಮ್ಮ!"

ಊರಿಗೆ ಊರೇ ಆ ದಾರಿಯಲ್ಲೇ ಹಾಡಿಕೊಂಡು ಮನೆಗೆ ಬಂತು. ಎಲ್ಲರಿಗಿಂತ ಮುಂದೆ ನಾನಿದ್ದೆ.

ನೀನು ಹೋಗಿ ಆರು ವರ್ಷವಾದರೂ ನಿನ್ನ ಚೀಲ ಅದೇ ಮೊಳೆಗೆ ನೇತಾಡುತ್ತಿದೆ. ನೀನು ಹೊತ್ತ ಮೂವತ್ತು ವರ್ಷವೂ ಅದರಲ್ಲಿ ನಿನ್ನ ಹೆಸರಿಗೆ ಒಂದು ಕಾಗದವೂ ಇರಲಿಲ್ಲ. ಇದನ್ನು ಅದರಲ್ಲಿ ಇಡುತ್ತಿದ್ದೇನೆ.