ಟೀಚರಮ್ಮ ಕಾವಿಗೆ ಕೂತಿದ್ದಾಳೆ

ಮನೆ, ಮಹಡಿಯ ಕೋಣೆ
ಹದಿನಾಲ್ಕನೇ ತಾರೀಕು, ಬುಧವಾರ ಮಧ್ಯಾಹ್ನ

ಪ್ರೀತಿಯ ಅಣ್ಣಾ,

ಹೇಗಿದ್ದೀಯ? ಎಂಜಿನ್ ಕೋಣೆಯ ಸೆಕೆಗೆ ಕುತ್ತಿಗೆಯ ಮೇಲೆ ಏಳುತ್ತಿದ್ದ ಗುಳ್ಳೆಗಳು ಒಣಗಿದವೆ? ಎಡಗಿವಿ ಈಗಲೂ ಗುಂಯ್ ಅನ್ನುತ್ತದೆಯೆ? ನಿನ್ನ ಹಡಗಿನಿಂದ ಸುದ್ದಿ ನಿಂತು ಐದು ತಿಂಗಳಾಯಿತು. ಫೋನಂತೂ ಅವತ್ತಿನಿಂದ ಬಾಯೇ ಬಿಡುತ್ತಿಲ್ಲ. ಆದರೆ ಕಂಪನಿಯ ವಿಳಾಸಕ್ಕೆ ಹಾಕಿದ ನನ್ನ ಮೂರು ಕಾಗದಗಳಲ್ಲಿ ಒಂದೂ ಹಿಂದಿರುಗಿಲ್ಲ. ಓದುವವನು ಇಲ್ಲದಿದ್ದರೆ ವಾಪಸ್ ಬರುತ್ತಿದ್ದವು ಎಂದುಕೊಂಡು ಇದನ್ನೂ ಬರೆಯುತ್ತಿದ್ದೇನೆ. ನಾನು ಚೆನ್ನಾಗಿದ್ದೇನೆ. ಪ್ರೆಸ್ಸಿನಲ್ಲಿ ಕರಡು ತಿದ್ದುವ ಕೆಲಸ ಖಾಯಂ ಆಗಿದೆ. ಈಗ ಒಂಬತ್ತನೇ ತರಗತಿಯ ಭೂಗೋಳ ನನ್ನ ಮೇಜಿನ ಮೇಲಿದೆ. ಸಮುದ್ರಗಳ ಪಾಠದಲ್ಲಿ ನಾಲ್ಕು ದಿನದಿಂದ ಮುಂದೆ ಹೋಗಿಲ್ಲ, ಫೋರ್‌ಮನ್ ಗೊಣಗುತ್ತಿದ್ದಾನೆ. ಅಮ್ಮನ ಮಂಡಿನೋವು ಇದ್ದ ಹಾಗೇ ಇದೆ.

ನಿನ್ನ ಏಳು ಡಬ್ಬಗಳೂ ಕಪಾಟಿನ ಮೇಲೆ ನೀನಿಟ್ಟ ಸಾಲಿನಲ್ಲೇ ಇವೆ. ವಾರಕ್ಕೆರಡು ಸಲ ಮಣ್ಣಿಗೆ ನೀರು ಚಿಮುಕಿಸುತ್ತೇನೆ, ಶನಿವಾರ ತಲೆಗೊಂದು ಜಿರಲೆ. ಹಳದಿ ಪಟ್ಟೆಯವೆರಡೂ ಗಡದ್ದಾಗಿ ತಿನ್ನುತ್ತವೆ. ಹಸಿರು ಬಾಲದ್ದು ಬೆಳಕು ಬಿದ್ದರೆ ಒದ್ದೆ ಗಾಜಿನಂತೆ ಹೊಳೆಯುತ್ತದೆ. ನೋಡುತ್ತ ನಿಂತರೆ ಎಷ್ಟೋ ಹೊತ್ತು ಅದು ಕಚ್ಚುವ ಶತಪದಿ ಎಂಬುದೇ ಮರೆತುಹೋಗುತ್ತದೆ. ಕೆಳಗಿನ ಅಂಗಡಿಯ ಟೈಲರ್ ಮೊನ್ನೆ ಮೆಟ್ಟಿಲಲ್ಲಿ ಹಿಡಿದು ನಿಲ್ಲಿಸಿ, “ನಿಮ್ಮ ಡಬ್ಬದವ್ರಿಗೆ ಮಾತ್ರ ಪ್ಯಾಂಟ್ ಹೊಲಿಯಲ್ಲಮ್ಮ, ಕಾಲು ಎಣಿಸೋಷ್ಟ್ರಲ್ಲಿ ಮುದುಕನಾಗಿಬಿಡ್ತೀನಿ” ಎಂದು ನಕ್ಕ. ಆಮೇಲೆ ದನಿ ತಗ್ಗಿಸಿ, “ಅಣ್ಣಂದು ಏನಾದ್ರೂ ಗೊತ್ತಾಯ್ತಾ?” ಅಂದ. ನಾನು ಎಂದಿನಂತೆ ನನ್ನ ಚಪ್ಪಲಿಯನ್ನೇ ನೋಡುತ್ತ ಮೇಲೆ ಬಂದುಬಿಟ್ಟೆ.

ಈಗ ತಪ್ಪೊಪ್ಪಿಗೆ. ಹೋದ ಕಾಗದದಲ್ಲಿ, ಟೀಚರಮ್ಮ ಪೊರೆ ಬಿಡುವ ಹೊತ್ತಿಗೆ ಬಂದಿದ್ದಾಳೆ, ಊಟ ಬಿಟ್ಟು ತೊಗಟೆಯ ಕೆಳಗೆ ಮಲಗಿದ್ದಾಳೆ ಎಂದು ಬರೆದಿದ್ದೆ. ಕಿತ್ತಳೆ ಮೈ, ನೀಲಿ ಕಾಲುಗಳ ಆ ನಿನ್ನ ಮುದ್ದಿನವಳಿಗೆ ಆ ಹೆಸರಿಟ್ಟವನು ನೀನೇ. ಅವಳು ಹೊರಗೆ ಬಂದರೆ ಕ್ಲಾಸೆಲ್ಲ ಗಪ್‌ಚುಪ್ ಎನ್ನುತ್ತಿದ್ದೆ. ಪೊರೆಯ ಸಮಯದಲ್ಲಿ ಮುಟ್ಟಬೇಡ ಎಂದು ಡಬ್ಬದ ಮೇಲೆ ನಿನ್ನ ಕೈಬರಹದಲ್ಲೇ ಇದೆ. ಹಾಗಾಗಿ ಮುಚ್ಚಳ ತೆಗೆಯದೆ, ಮಂಜು ಕಟ್ಟಿದ ಪ್ಲಾಸ್ಟಿಕ್ಕಿನಾಚೆ ಕಾಲುಗಳ ಸಾಲು ಕಂಡರೆ ಸಾಕು, ಇದ್ದಾಳೆ ಎಂದು ಸಮಾಧಾನ ಪಡುತ್ತಿದ್ದೆ. ಕಳೆದ ಭಾನುವಾರ ಯಾಕೋ ತಡೆಯದೆ ಚಿಮಟದಿಂದ ತೊಗಟೆ ಎತ್ತಿದೆ. ಇಪ್ಪತ್ತೊಂದು ಜೊತೆ ಕಾಲೂ ಇದ್ದವು, ಮೀಸೆ ಇತ್ತು, ತಲೆಯ ಚಿಪ್ಪಿತ್ತು. ನನ್ನ ಉಸಿರಿಗೆ ಎಲ್ಲವೂ ಒಟ್ಟಿಗೆ ಸರಿದವು. ಬರೀ ಪೊರೆ. ಮುಚ್ಚಳದ ಜಾಲರಿಯ ಒಂದು ಮೂಲೆ ಎದ್ದಿತ್ತು. ಒಂದೂವರೆ ತಿಂಗಳು ಖಾಲಿ ಸಿಪ್ಪೆಗೆ ಹಾಜರಿ ಹಾಕಿದ್ದೆ. ನಿನ್ನ ತಂಗಿ ಕಣ್ಣನ್ನು ನಂಬಿ ಹೊಟ್ಟೆ ಹೊರೆಯುವವಳು, ನೆನಪಿರಲಿ.

ಹಾಗಾದರೆ ಒಂದೂವರೆ ತಿಂಗಳ ಹಿಂದೆ ಕೆಲವು ದಿನ ಈ ಕೋಣೆಯಲ್ಲಿ ಹಗಲುಹೊತ್ತೇ ನನಗೆ ಕೇಳಿಸುತ್ತಿದ್ದ ಸದ್ದು ಅವಳದು. ಕ್ಯಾಲೆಂಡರಿನ ಹಿಂದೆ ಹಾಳೆ ಸರಿದಂತೆ ಒಂದು ಸಣ್ಣ ಪರಪರ, ನಂತರ ಏನೂ ಇಲ್ಲ. ನಗಬೇಡ, ನೀನು ಪುಸ್ತಕದ ಪುಟ ತಿರುವುವುದು ಹಾಗೆಯೇ. ಎರಡು ಸಲ ಕರಡಿನಿಂದ ತಲೆಯೆತ್ತಿ, ಬಾಗಿಲ ಪಕ್ಕದ ಗೂಟದಲ್ಲಿರುವ ನಿನ್ನ ದಪ್ಪ ಕೋಟಿನ ಕಡೆ ನೋಡಿ, “ಏನೋ?” ಅಂದಿದ್ದೆ.

ಆ ಕೋಟನ್ನು ನೀನು ಹೊರಟಂದಿನಿಂದ, ಎಂಟು ತಿಂಗಳಿಂದ, ಅಮ್ಮ ಅಲುಗಾಡಿಸಗೊಟ್ಟಿಲ್ಲ. “ಬಂದವನು ಹುಡುಕಬಾರ್ದು” ಎನ್ನುತ್ತಾಳೆ. ದಿನಾ ಬೆಳಿಗ್ಗೆ ಬಚ್ಚಲಿಗೆ ಹೋಗುವಾಗ ಅದರ ಬಲಜೇಬಿನಲ್ಲಿ ಒಂದು ಗಳಿಗೆ ಕೈಯಿಟ್ಟುಕೊಂಡು ನಿಲ್ಲುತ್ತಿದ್ದಳು. ಐದು ವಾರದಿಂದ ಅದು ನಿಂತಿತ್ತು. ಆಚೆ ಗೋಡೆಗೆ ಮೈಯಾನಿಸಿಕೊಂಡು, ಕೋಟಿನತ್ತ ತಿರುಗದೆ ದಾಟಿಹೋಗುತ್ತಿದ್ದಳು. ನಿನ್ನ ಆಸೆ ಬಿಟ್ಟುಬಿಟ್ಟಳು ಎಂದುಕೊಂಡೆ. ಒಳಗೊಳಗೇ ಎಷ್ಟು ಸಿಟ್ಟು ಬಂತೆಂದರೆ, ಅವಳ ಜೊತೆ ಬೇಕಾದಷ್ಟೇ ಮಾತು, ಉಪ್ಪು ಕೊಡು, ಬಾಗಿಲು ಹಾಕು.

ಭಾನುವಾರ ಹಾಸಿಗೆ ಒದರಿದೆ, ಡ್ರಾಯರು ಸುರಿದೆ, ನಿನ್ನ ಬೂಟುಗಳನ್ನು ಬಗ್ಗಿಸಿ ಬಡಿದೆ. ಕೊನೆಗೆ ಕೋಟಿಗೆ ಕೈ ಚಾಚಿದಾಗ ಹಿಂದೆ ಅಮ್ಮ ನಿಂತಿದ್ದಳು. “ಅಲ್ಲಿ ಕೈ ಹಾಕ್ಬೇಡ ಪುಟ್ಟಿ. ನಿಮ್ಮ ಟೀಚರಮ್ಮ ಜೇಬಲ್ಲಿದ್ದಾಳೆ” ಅಂದಳು, ಪಕ್ಕದ ಮನೆಯಾಕೆಯ ವಿಷಯ ಹೇಳುವ ಹಾಗೆ. “ಮೊಟ್ಟೆ ಇಟ್ಟಿದ್ದಾಳೆ. ಕೆಣಕಿದ್ರೆ ತಾನೇ ತಿಂದ್‌ಬಿಡ್ತಾಳೆ ಅಂತ ಅವ್ನೇ ಅಲ್ವಾ ಹೇಳಿದ್ದು?” ಮನೆಗೆ ಸೊಸೆ ತಾರೋ ಅಂದರೆ ಜರಿಹುಳ ತಂದಿಟ್ಟ ಎಂದು ನಿನ್ನನ್ನು ಬೈಯುತ್ತಿದ್ದ ಅಮ್ಮನೇ ಇವಳು. ಅವಳು ಬೆದರದಿರಲೆಂದು ಟಾರ್ಚಿಗೆ ಕೆಂಪು ಕಾಗದ ಸುತ್ತಿ, ಕೋಟು ಮುಟ್ಟದೆ ಜೇಬಿನ ಬಾಯೊಳಗೆ ಇಣುಕಿದೆ. ಬಚ್ಚಲ ಗೋಡೆಯ ತೇವಕ್ಕೆ ಜೇಬು ಸದಾ ತಣ್ಣಗಿರುತ್ತದಲ್ಲ, ಅದರ ತಳದಲ್ಲಿ ಅವಳು ಸುರುಳಿ ಸುತ್ತಿ, ಸಾಬಕ್ಕಿಯಂಥ ಮೊಟ್ಟೆಗಳನ್ನು ಅಷ್ಟೂ ಕಾಲುಗಳಲ್ಲಿ ಅಪ್ಪಿ ಹಿಡಿದು ಒಂದೊಂದನ್ನೇ ನೆಕ್ಕುತ್ತಿದ್ದಳು. ನೀನು ಹೊರಡುವ ಮುಂಚೆ ಗಂಡಿನ ಜೊತೆ ಬಿಟ್ಟದ್ದು ಫಲಿಸಿದೆ. ಈಗ ಮನೆಯಲ್ಲಿ ಯಾರೂ ಬಾಗಿಲು ಬಡಿಯುವಂತಿಲ್ಲ. ನಾನು ಸೀನಿದರೂ ಅಮ್ಮ ಕಣ್ಣು ಬಿಡುತ್ತಾಳೆ.

ಹೊತ್ತಿಗೆ ಸರಿಯಾಗಿ ಉಣ್ಣು, ಒದ್ದೆ ಬನಿಯನ್ನಿನಲ್ಲಿ ಮಲಗಬೇಡ. ಅಮ್ಮನ ಆಶೀರ್ವಾದ ಇದ್ದೇ ಇದೆ, ಟೈಲರ್ ಕೇಳಿದನೆಂದು ತಿಳಿಸಲು ಹೇಳಿದ್ದಾನೆ.

ನಿನ್ನ ತಂಗಿ,
ಪುಟ್ಟಿ

ತಾ.ಕ., ಶುಕ್ರವಾರ: ಅಂಟಿಸಿದ ಲಕೋಟೆಯನ್ನು ಮತ್ತೆ ಬಿಚ್ಚಿದ್ದೇನೆ. ನಿನ್ನೆ ಕಂಪನಿಯ ಆಫೀಸಿಗೆ ಹೋಗಿದ್ದೆ. ಗುಮಾಸ್ತ ರಿಜಿಸ್ಟರು ತಿರುಗಿಸಿ ಅಮ್ಮನ ಸಹಿ ತೋರಿಸಿದ. ನಿನ್ನ ವಿಷಯದ ಕಾಗದ ನಮ್ಮ ಮನೆಗೆ ತಲುಪಿ ಆರು ವಾರವಾಗಿದೆಯಂತೆ. “ಅದ್ರಲ್ಲಿ ಏನಿದೆ ಅಂತ ನಾನೇ ಹೇಳ್ಲಾಮ್ಮ?” ಎಂದು ಕೇಳಿದ. ಬೇಡ, ಬಸ್ಸು ತಪ್ಪುತ್ತೆ ಅಂದೆ. ಅಮ್ಮ ಅದನ್ನು ಒಡೆದೇ ಇಲ್ಲ. ಬಂದ ದಿನವೇ ನಿನ್ನ ಜೇಬಿಗೆ ಹಾಕಿಟ್ಟಿದ್ದಾಳೆ. “ಟೀಚರಮ್ಮ ಅದರ ಮೇಲೇ ಕೂತಿದ್ದಾಳೆ. ಈಗ ತೆಗೆಯೋಕಾಗುತ್ತಾ, ನೀನೇ ಹೇಳು” ಅನ್ನುತ್ತಾಳೆ. ಆಗುವುದಿಲ್ಲ ಅಂದೆ. ಮರಿಗಳು ಚದುರಲು ಇನ್ನು ನಾಲ್ಕು ವಾರ ಬೇಕು. ಅಷ್ಟರೊಳಗೆ ಬಂದುಬಿಡು.