ನಮ್ಮದು ಎನ್ನಬಾರದ ಗುಡ್ಡ

ಗುಡ್ಡದ ಓಣಿ, ಬಾದಾಮಿ ತಾಲೂಕು
೧೪ ಅಕ್ಟೋಬರ್ ೨೦೦೮

ಚಿ. ಸೌ. ರೇಣವ್ವಳಿಗೆ ನಿನ್ನ ಅವ್ವ ಮಾಡುವ ಆಶೀರ್ವಾದಗಳು.

ನಿನ್ನ ಎರಡು ಪತ್ರಕ್ಕೂ ಉತ್ತರ ಬರೆಯಲಿಲ್ಲ, ಸಿಟ್ಟಾಗಬೇಡ. ಇಪ್ಪತ್ತು ವರ್ಷ ಅಂಗನವಾಡಿಯಲ್ಲಿ ಮಕ್ಕಳ ಕೈ ಹಿಡಿದು ತಿದ್ದಿಸಿದವಳಿಗೆ ನಾಲ್ಕು ಸಾಲು ಬರೆಯಲು ಹದಿನೈದು ದಿನ ಬೇಕಾಯಿತು ನೋಡು. ಇಲ್ಲಿ ಸೀತಾಫಲ ಹಣ್ಣಾಗುವ ಕಾಲ. ಬೆಳಗ್ಗೆ ಗುಡ್ಡ ಹತ್ತಿದರೆ ಮಂಜಿನಲ್ಲಿ ಕೆಂಪು ಬಂಡೆಗಳು ಕಾಣುವುದಿಲ್ಲ, ಹಣ್ಣಿನ ವಾಸನೆ ಮಾತ್ರ. ಕೆಳಗೆ ಊರಿದೆಯೋ ಇಲ್ಲವೋ ಎನಿಸುತ್ತದೆ. ಅಲ್ಲಿ ನಿಂತರೆ ನನಗೆ ನನ್ನ ವಯಸ್ಸೇ ಮರೆತುಹೋಗುತ್ತದೆ.

ನೀನು ಬಾಗಲಕೋಟೆಯ ವಕೀಲರ ಹತ್ತಿರ ಕೂತು ಬರೆಸಿದ ಅರ್ಜಿಯ ಪರಿಶೀಲನೆಗೆ ಸಾಹೇಬರು ಗುಡ್ಡಕ್ಕೇ ಬಂದಿದ್ದರು. ಹೊಸ ಅರಣ್ಯ ಹಕ್ಕು ಕಾಯ್ದೆಯಂತೆ ನಮ್ಮ ಬೇಡರ ಓಣಿಗೆ ಗುಡ್ಡದ ಹಕ್ಕು ಸಿಕ್ಕರೆ, ನಾವು ಒಪ್ಪದೆ ಅಲ್ಲಿ ಸರಕಾರದ ಪ್ರವಾಸಿಗೃಹ ಏಳುವಂತಿಲ್ಲ. ನಮ್ಮ ಬಳಿ ಕಾಗದ ಒಂದೂ ಇಲ್ಲ, ಹಿರಿಯರ ಹೇಳಿಕೆಯೇ ಸಾಕ್ಷಿ. ಹಿರಿಯಳೆಂದು ನನ್ನನ್ನೇ ಮುಂದೆ ನಿಲ್ಲಿಸಿದರು.

"ಈ ಗುಡ್ಡ ಯಾರ್ದವ್ವಾ?" ಎಂದರು ಸಾಹೇಬರು.

"ಗುಡ್ಡದವ್ವಂದ್ರಿ. ನಮ್ದಲ್ರಿ," ಎಂದೆ.

ಗುಡ್ಡದ ಮೇಲೆ ನಿಂತು ಯಾರೂ ನಮ್ಮದು ಎನ್ನಬಾರದು, ದೇವಿ ಗುಡ್ಡದವ್ವ ಮುನಿಯುತ್ತಾಳೆ. ನಿನಗೂ ಗೊತ್ತಿರುವುದೇ. ಅದನ್ನು ಸಾಹೇಬರಿಗೆ ಯಾರು ಹೇಳಬೇಕು? 'ಹಕ್ಕು ಕೇಳಿಲ್ಲ' ಎಂದು ಬರೆದುಕೊಂಡರು. ಓದಲು ಬರುವವಳು ನಾನು, ಓದದೆ ಸಹಿ ಹಾಕಿದೆ.

ನಿಮ್ಮಪ್ಪ ಎರಡು ದಿನ ಮಾತು ಬಿಟ್ಟಿದ್ದರು. ಮೂರನೆಯ ದಿನ ಊಟಕ್ಕೆ ಕೂತಾಗ, "ಈ ರೊಟ್ಟಿ ಯಾರ್ದು ಅಂತ ಕೇಳಿದ್ರೂ ಹಂಗ ಹೇಳ್ತಿಯೇನ?" ಎಂದು ಕಿಚಾಯಿಸಿದರು. ನಗು ಬಂತು, ಅಳುವೂ ಬಂತು.

ಊರಿನ ಹಕ್ಕು ಸಮಿತಿಯವರು ಆ ಬರಹ ತಪ್ಪೆಂದು ತಕರಾರು ಕೊಟ್ಟಿದ್ದಾರೆ. ಬರುವ ಸೋಮವಾರ ಸಾಹೇಬರು ಮತ್ತೆ ಗುಡ್ಡಕ್ಕೇ ಬರುತ್ತಾರೆ. ಈ ಸಲ ನಮ್ಮದು ಎಂದೇ ಹೇಳುತ್ತೇನೆ. ಗುಡ್ಡದವ್ವ ಮುನಿದರೆ ನನ್ನೊಬ್ಬಳ ಮೇಲೆ ಮುನಿಯಲಿ.

ಅಳಿಯಂದಿರಿಗೆ ನನ್ನ ಆಶೀರ್ವಾದ ತಿಳಿಸು. ಹೊತ್ತಿಗೆ ಸರಿಯಾಗಿ ಉಣ್ಣು. ಗುಡ್ಡದವ್ವ ನಿಮ್ಮನ್ನು ತಣ್ಣಗಿಟ್ಟಿರಲಿ.

ನಿನ್ನ ಅವ್ವ
ತಾಯವ್ವ

ತಾ. ಕ.: ಒಂದು ಮಾತು ನಿನಗೆ ಹೇಳಿಲ್ಲ. ನಿನಗೊಬ್ಬ ಅಣ್ಣ ಇದ್ದ ಎಂಬುದಷ್ಟೇ ನಿನಗೆ ಗೊತ್ತು. ಮೂರು ತಿಂಗಳ ಕೂಸನ್ನು ಎತ್ತಿಕೊಂಡು ಗುಡ್ಡ ಹತ್ತಿ, "ಇದೆಲ್ಲಾ ನಮ್ದು, ನನ್ನ ಮಗಂದು" ಎಂದಿದ್ದೆ. ಆ ವಾರವೇ ಜ್ವರ ಬಂದು ಹೋದ. ಜ್ವರಕ್ಕೂ ದೇವರಿಗೂ ಸಂಬಂಧವಿಲ್ಲ ಎಂದು ಓಣಿಯ ತಾಯಂದಿರಿಗೆಲ್ಲ ಹೇಳಿದವಳು ನಾನು. ನನಗೆ ನಾನೇ ಹೇಳಿಕೊಳ್ಳಲಾಗಲಿಲ್ಲ. ಸಾಹೇಬರು ಮತ್ತೆ ಬರುವ ಸುದ್ದಿ ಓದಿದ ಕೂಡಲೇ ನೀನು ಓಡಿಬರುವವಳು. ಐದು ತಿಂಗಳ ಬಸುರಿ ನೀನು. ರೇಣೀ, ಸೋಮವಾರ ಬರಬೇಡ.