ಊಟದ ಹೊತ್ತಿನ ಅಳತೆ

ಮಾರ್ಚ್ 4
ಯಾರ್ಡಿನಲ್ಲಿ ಮತ್ತೆ ಅದೇ ಟೆಸ್ಟ್. ಕ್ರೇನಿನ ರಿಮೋಟಿನಿಂದ ಹತ್ತು ಲಕ್ಷ ಬಿಟ್ ಕಳಿಸು, ಎಷ್ಟು ಕೆಟ್ಟು ಬಂದವು ನೋಡು. ಒಂದೇ ಒಂದು. ನಮ್ಮ ಮ್ಯಾನೇಜರಿಗೆ ಖುಷಿಯೋ ಖುಷಿ. ಇರದೇ ಏನು — ಅಳೆಸಿದ್ದು ಊಟದ ಹೊತ್ತಿನಲ್ಲಿ, ಪಕ್ಕದ ಶೆಡ್ಡಿನ ವೆಲ್ಡಿಂಗ್ ನಿಂತಾಗ. ಹತ್ತೂವರೆಗೆ, ವೆಲ್ಡಿಂಗಿನ ಕಿಡಿ ರಿಮೋಟಿನ ಸಿಗ್ನಲ್ ಕೆಡಿಸುವಾಗ, ನಾನೇ ಕದ್ದು ಅಳೆದಿದ್ದೆ. ಸಾವಿರಕ್ಕೆ ಮೂವತ್ತು.

ಮಾರ್ಚ್ 5
ನಮ್ಮ ಕೋಡ್ ಒಂದು ಆಜ್ಞೆಯಲ್ಲಿ ಎರಡು ತಪ್ಪು ಬಿಟ್ ತಿದ್ದುತ್ತದೆ. ಮೂರಾದರೆ ಊಹಿಸುತ್ತದೆ. ಸಾವಿರ ಸಲ "ನಿಲ್ಲು" ಕಳಿಸಿದೆ. ಎರಡು ಸಲ "ಇಳಿ" ಆಗಿ ಬಂತು.

ಥೇಟ್ ಅಮ್ಮ. ಕಿವಿ ಮಂದ, ಕೇಳಿಸಲಿಲ್ಲ ಅಂತ ಮಾತ್ರ ಒಪ್ಪುವವಳಲ್ಲ. "ಹಾಲು ಇಳಿಸಮ್ಮ" ಎಂದರೆ "ಉಳಿಸಿದೀನಿ ಬಿಡೆ, ನಿಂಗೇ" ಅನ್ನುತ್ತಾಳೆ. ಒಲೆ ತುಂಬ ಹಾಲು.

ಅದಕ್ಕೇ ಮೇಲೊಂದು ಚೆಕ್ ಇಟ್ಟಿದ್ದೆ. ಅನುಮಾನ ಬಂದರೆ ಕ್ರೇನ್ ನಿಂತುಬಿಡಲಿ ಎಂದು. ಮ್ಯಾನೇಜರ್ ತೆಗೆಸಿದರು. "ಪದೇ ಪದೇ ನಿಂತ್ರೆ ಯಾರು ಕೊಂಡ್ಕೋತಾರಮ್ಮ?"

ಮಾರ್ಚ್ 6
ಭಾವ ಇದೇ ಯಾರ್ಡಿನವರು. ಹೊರೆಗೆ ಸರಪಳಿ ಬಿಗಿಯುವುದು ಅವರ ಕೆಲಸ, ಹುಕ್ಕಿನ ಕೆಳಗೆ ನಿಂತು. ಅಕ್ಕನಿಗೆ ಈಗ ಏಳು ತಿಂಗಳು.

ಮ್ಯಾನೇಜರಿಗೆ ಹೇಳಿದೆ, "ವೆಲ್ಡಿಂಗ್ ನಡೀವಾಗ ಕ್ರೇನ್ ನಿಲ್ಲಲ್ಲ ಸಾರ್."

"ಅದೇ ಅಲ್ವಾ ಬೇಕಾಗಿರೋದು, ನಿಲ್ಲಬಾರದು."

ಕೋಣನ ಮುಂದೆ ಕಿನ್ನರಿ. ಮೈಯೆಲ್ಲ ಉರಿಯುತ್ತಿದೆ.

ಮಾರ್ಚ್ 11
ನಾಲ್ಕು ದಿನ ಬರೆಯಲಿಲ್ಲ. ಬರೆದಿದ್ದರೆ ಬರೀ ಬೈಗುಳ.

ರಿಪೋರ್ಟು ಹೋಗಿದೆ. ಊಟದ ಹೊತ್ತಿನ ಅಂಕಿಯೊಂದೇ. ಕೆಳಗೆ ನನ್ನ ಸಹಿ — ಹಳೆಯ ರಿಪೋರ್ಟಿನಿಂದ ಸ್ಕ್ಯಾನ್ ಮಾಡಿ ಅಂಟಿಸಿದ್ದು. ನಾಚಿಕೆಗೆಟ್ಟವರು.

ಭಾವನಿಗೆ ಹೇಳಿದೆ, ರಜೆ ಹಾಕಿ ಎಂದು. "ನಾನ್ ನಿಲ್ಲದಿದ್ರೆ ಇನ್ನೊಬ್ಬ ನಿಲ್ತಾನೆ ಕಣಮ್ಮ" ಎಂದರು.

ಮಾರ್ಚ್ 13, ಬೆಳಿಗ್ಗೆ 10.50
ಇಂದು ಡೆಮೊ. ಯಾರ್ಡಿನ ಮಾಲೀಕರೂ ಬಂದಿದ್ದರು. ಶೆಡ್ಡಿನಲ್ಲಿ ವೆಲ್ಡಿಂಗ್ ಜೋರು. ಮೇಲೆ ಹೊರೆ, ರಿಮೋಟ್ ನನ್ನ ಕೈಯಲ್ಲಿ. ಭಾವ ಕೆಳಗೆ ಹೊರಟಿದ್ದರು. ಎಲ್ಲರೆದುರೇ ಹೇಳಿದೆ — "ಭಾವ, ಈಚೆ ಬನ್ನಿ. ಸಾರ್, ನೀವು ಹೋಗಿ ನಿಂತ್ಕೊಳಿ. ನಾನು ಸ್ಟಾಪ್ ಒತ್ತುತೀನಿ."

ಮ್ಯಾನೇಜರ್ ಕತ್ತು ಒರೆಸಿಕೊಂಡರು. "ಏನಮ್ಮ? ಕೇಳಿಸಲಿಲ್ಲ."

ಅಂತೂ ಇವರಾದರೂ ಒಪ್ಪಿಕೊಂಡರು, ಕೇಳಿಸಲಿಲ್ಲ ಅಂತ. ಕೇಳಿಸದಿದ್ದರೆ ಮತ್ತೆ ಕಳಿಸಬೇಕು, ಅದೇ ನಿಯಮ. ಮತ್ತೆ ಹೇಳಿದೆ, ವೆಲ್ಡಿಂಗಿಗಿಂತ ಜೋರಾಗಿ. ಅವರು ಒಂದು ಹೆಜ್ಜೆಯೂ ಇಡಲಿಲ್ಲ. ಮಾಲೀಕರು ಅವರ ಕಾಲನ್ನೇ ನೋಡುತ್ತಿದ್ದರು. ಭಾವ ಸರಪಳಿ ಕೆಳಗಿಟ್ಟು ಈಚೆ ಬಂದರು. ಹಿಂದೆಯೇ ಇನ್ನಿಬ್ಬರು.

ಶೆಡ್ಡಿನ ಮೂಲೆಯಲ್ಲಿ ಕೂತು ಬರೆಯುತ್ತಿದ್ದೇನೆ. ರಿಮೋಟ್ ಮಡಿಲಲ್ಲಿದೆ. ಮ್ಯಾನೇಜರ್ ಇತ್ತಲೇ ಬರುತ್ತಿದ್ದಾರೆ, "ಅದನ್ನ ಕೊಡಮ್ಮ ಇಲ್ಲಿ" ಎನ್ನುತ್ತ. ನನಗೆ ಕೇಳಿಸ—